ಅಪ್‌ಡೇಟ್: ಆ ಕಾದಂಬರಿ ಓದಿ ಮುಗಿಸಿದೆ

ಹೋದ ವಾರ ಕೇಳಿದ್ದೆ ಅಲ್ವಾ? ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಥೆಯನ್ನೇ ಗಂಡು-ಹೆಣ್ಣು ಅದಲುಬದಲು ಮಾಡಿ, ಈಗಿನ ಕಾಲಕ್ಕೆ ತಂದ ಕಾದಂಬರಿ ಅರ್ಧಕ್ಕೇ ಬೇಸರವಾಗಿದೆ, ಬಿಟ್ಟುಬಿಡಲಾ ಅಂತ. ಮುಗಿಸಿ ನೋಡಿ ಅಂದವರೇ ಜಾಸ್ತಿ. ಮುಗಿಸಿದೆ. ಬೇಸರ ಹೋಗಲಿಲ್ಲ, ಆದರೆ ಕಾರಣ ಸಿಕ್ಕಿತು.

ನಿನ್ನೆ ಸಂಜೆ ಧಾರವಾಡದ ಸಾಧನಕೇರಿಯಲ್ಲಿ ಕೂತು ಅಕ್ಕನಿಗೆ ಕಥೆ ಹೇಳುತ್ತಿದ್ದೆ. ಬಾಯಿಗೆ ಹಾಕಿಕೊಳ್ಳಬೇಕಿದ್ದ ಶೇಂಗಾ ಕೈಯಲ್ಲೇ ಹಿಡಿದು ಅವಳು ಕೇಳಿದಳು: “ಈ ಹುಡುಗ ಆಕೀನ್ನ ಬ್ಯಾಡ ಅಂದ್ರ ಅವಂಗೇನು ನಷ್ಟ?”

ಏನೂ ಇಲ್ಲ! ಅವನಿಗೆ ಒಳ್ಳೆ ಕೆಲಸ ಇದೆ, ಸ್ವಂತ ಫ್ಲ್ಯಾಟ್ ಇದೆ.

1813ರ ಮೂಲದಲ್ಲಿ ಐದು ಜನ ಹೆಣ್ಣುಮಕ್ಕಳು. ಅಪ್ಪ ಸತ್ತರೆ ಮನೆ, ಜಮೀನು ಎಲ್ಲ ಗಂಡು ದಾಯಾದಿಗೆ. ಅಂಥದ್ದರಲ್ಲೂ ಅವರಲ್ಲೊಬ್ಬಳಾದ ಎಲಿಜಬೆತ್, ವರ್ಷಕ್ಕೆ 10,000 ಪೌಂಡ್ ಆದಾಯವಿರುವ ಡಾರ್ಸಿ ಮದುವೆಯಾಗು ಅಂತ ಕೇಳಿದಾಗ ಮೊದಲ ಸಲ ಬೇಡ ಅಂದುಬಿಡುತ್ತಾಳೆ. ಆ ‘ಬೇಡ’ಕ್ಕೆ ಎಷ್ಟು ತೂಕ! ಹೊಸದರಲ್ಲಿ ಹೆಸರು ಬದಲಾಗಿವೆ, ಆ ತೂಕ ಮಾತ್ರ ಬಂದಿಲ್ಲ. ನಮ್ಮ ರಾಜ್ಯದಲ್ಲೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೆ ಕಾನೂನಿನಲ್ಲಿ ಬಂದದ್ದು 1994ರಲ್ಲಿ. ಅದಕ್ಕೇ ಅಕ್ಕನಿಗೆ ಥಟ್ಟನೆ ಹೊಳೆಯಿತು ಅನಿಸುತ್ತದೆ.

ಮೂಲ ಪುಸ್ತಕ ಈಗ ಅವಳ ಹತ್ತಿರ ಇದೆ.