ಮೊದಲ ಪಂದ್ಯಕ್ಕೆ ಐದೇ ದಿನ: ಪ್ರೀಸೀಸನ್ ನೋಡಿ ಎಷ್ಟು ಹೆದರಬೇಕು?

ಕಾರ್ನರ್_ಫ್ಲ್ಯಾಗ್ (ಪ್ರಶ್ನೆ)

ನಮ್ಮ ಫುಟ್‌ಬಾಲ್ ಕ್ಲಬ್‌ಗೆ ಹೊಸ ಕೋಚ್ ಬಂದು ಆರು ವಾರ ಆಯ್ತು. ಕಳೆದ ಸೀಸನ್‌ನಲ್ಲಿ 4-2-3-1 ಆಡಿಕೊಂಡು ಒಂಬತ್ತನೇ ಸ್ಥಾನದಲ್ಲಿದ್ದ ತಂಡವನ್ನು ಈಗ 3-4-2-1ಕ್ಕೆ ತಿರುಗಿಸಿದ್ದಾರೆ, ಅಂದ್ರೆ ಹಿಂದೆ ನಾಲ್ವರ ಬದಲು ಮೂವರು ಡಿಫೆಂಡರ್. ಪ್ರೀಸೀಸನ್‌ನ (ಲೀಗ್ ಶುರುವಾಗೋ ಮುಂಚಿನ ತಯಾರಿ) ಆರು ಸೌಹಾರ್ದ ಪಂದ್ಯಗಳಲ್ಲಿ ಮೊದಲ ನಾಲ್ಕು ಗೆಲುವು, ಐದನೆಯದು ಡ್ರಾ. ಮೊನ್ನೆಯ ಕೊನೆಯ ಪಂದ್ಯದಲ್ಲಿ 1-4 ಸೋಲು, ಅದರಲ್ಲೂ ಮೂರು ಗೋಲು ಎರಡನೇ ಹಾಫ್‌ನಲ್ಲಿ.

ಎಡಗಡೆಯ ವಿಂಗ್‌ಬ್ಯಾಕ್‌ಗೆ (ಬದಿಯಲ್ಲಿ ಮೇಲೂ ಕೆಳಗೂ ಓಡಿ ದಾಳಿ, ರಕ್ಷಣೆ ಎರಡೂ ಮಾಡುವವನು) ನಾಲ್ಕು ವಾರದ ಹಿಂದೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗಾಯ ಗ್ರೇಡ್ 2 ಆಗಿತ್ತು, ಈಗ "ಆಯ್ಕೆಗೆ ಲಭ್ಯ" ಅಂತಿದ್ದಾರೆ. ಬಲಗಡೆಯವನು ಬೇರೆ ದೇಶದ ಲೀಗ್‌ನಿಂದ ಬಂದು ಹತ್ತು ದಿನ ಆಗಿದೆ ಅಷ್ಟೇ. ಮೊದಲ ಪಂದ್ಯ ಈಗಷ್ಟೇ ಮೇಲಿನ ಡಿವಿಷನ್‌ಗೆ ಬಡ್ತಿ ಪಡೆದ ತಂಡದ ಜೊತೆ, ಅದೂ ಅವರ ಮೈದಾನದಲ್ಲಿ. ನಮ್ಮ ಅಭಿಮಾನಿಗಳಲ್ಲಿ ಅರ್ಧ ಜನ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ ಟಾಪ್ ಫೋರ್ ಅಂತಿದ್ದಾರೆ, ಇನ್ನರ್ಧ ಜನ ಈಗಲೇ ರೆಲಿಗೇಷನ್ (ಕೆಳಗಿನ ಡಿವಿಷನ್‌ಗೆ ಇಳಿಯೋದು) ಲೆಕ್ಕ ಹಾಕ್ತಿದ್ದಾರೆ.

ಕೇಳೋದು ಇಷ್ಟೇ. ಪ್ರೀಸೀಸನ್‌ನಲ್ಲಿ ಯಾವುದನ್ನು ನಂಬಬೇಕು? ಮೊದಲ 90 ನಿಮಿಷದಲ್ಲಿ ಸ್ಕೋರ್ ಬಿಟ್ಟು ಏನನ್ನು ನೋಡಬೇಕು? ನಿಜವಾಗಿ ಆತಂಕ ಪಡೋದಕ್ಕೆ ಎಷ್ಟು ಪಂದ್ಯ ಕಾಯಬೇಕು?

---

ಹಾಫ್‌ಸ್ಪೇಸ್

ಮೊದಲು ಆ 1-4 ಬಿಡಿ, ಆಮೇಲೆ ಆ ನಾಲ್ಕು ಗೆಲುವನ್ನೂ ಬಿಡಿ. ಎರಡನ್ನೂ ಒಂದೇ ಕಾರಣಕ್ಕೆ ಬಿಡಬೇಕು. ಸೌಹಾರ್ದ ಪಂದ್ಯದಲ್ಲಿ ಎರಡೂ ತಂಡ ಒಂದೇ ಹದದಲ್ಲಿ ಇರೋದಿಲ್ಲ. ಕೆಳಗಿನ ಡಿವಿಷನ್‌ನವರ ಲೀಗ್ ಬೇಗ ಶುರುವಾಗುವ ಕಡೆ ಅವರ ಕಾಲು ಆಗಲೇ ಚುರುಕಾಗಿರುತ್ತೆ. ನಮ್ಮವರು ಬೆಳಿಗ್ಗೆ ಭಾರದ ತರಬೇತಿ ಮುಗಿಸಿ ಸಂಜೆ ಮೈದಾನಕ್ಕೆ ಇಳಿದಿರಬಹುದು. ಮೇಲಾಗಿ 60ನೇ ನಿಮಿಷದ ಹೊತ್ತಿಗೆ ಹತ್ತು ಜನ ಬದಲಾದರೆ ಆಮೇಲೆ ನಡೆಯೋದು ಬೇರೆಯದೇ ಪಂದ್ಯ.

2014ರ ಮ್ಯಾಂಚೆಸ್ಟರ್ ಯುನೈಟೆಡ್ ನೆನಪಿಸಿಕೊಳ್ಳಿ. ಕೋಚ್ ವಾನ್ ಗಾಲ್ ಹೊಸದಾಗಿ ಬಂದು ಮೂವರು ಸೆಂಟರ್‌ಬ್ಯಾಕ್‌ಗಳ (ಗೋಲಿನ ಎದುರು ನಡುವೆ ನಿಲ್ಲೋ ಡಿಫೆಂಡರ್‌ಗಳು) ಆಟ ತಂದಿದ್ದರು. ಪ್ರೀಸೀಸನ್ ಪೂರ್ತಿ ಸೋಲಿಲ್ಲ, ಅಮೆರಿಕದ ಟೂರ್ನಿಯ ಫೈನಲ್‌ನಲ್ಲಿ ಲಿವರ್‌ಪೂಲ್ ಮೇಲೆ 3-1. ಲೀಗ್ ಶುರುವಾದ ದಿನ ಓಲ್ಡ್ ಟ್ರಾಫರ್ಡ್‌ನಲ್ಲೇ ಸ್ವಾನ್ಸಿ ಎದುರು 1-2 ಸೋಲು. ಸೀಸನ್ ಮುಗಿದಾಗ ನಾಲ್ಕನೇ ಸ್ಥಾನ. ಪ್ರೀಸೀಸನ್ ಹೇಳಿದ್ದೂ ಸುಳ್ಳು, ಮೊದಲ ಪಂದ್ಯ ಹೇಳಿದ್ದೂ ಸುಳ್ಳು.

ನಂಬಬಹುದಾದದ್ದು ನಿಮಿಷಗಳ ಲೆಕ್ಕ. ಆರೂ ಪಂದ್ಯಗಳ ತಂಡದ ಪಟ್ಟಿ ತೆಗೆದುಕೊಂಡು ಯಾರು ಎಷ್ಟು ನಿಮಿಷ ಆಡಿದರು ಅಂತ ಬರೆಯಿರಿ. ಸರಿಯಾದ ತಯಾರಿಯಲ್ಲಿ ಮುಖ್ಯ ಆಟಗಾರನ ನಿಮಿಷ 45, 60, 75 ಅಂತ ಏರುತ್ತಾ ಕೊನೆಯ ಪಂದ್ಯದಲ್ಲಿ 80–90 ಮುಟ್ಟುತ್ತೆ. ಕೊನೆಯ ಪಂದ್ಯದಲ್ಲೂ 60 ದಾಟದವನು ಲೀಗ್‌ನ ಮೊದಲ ಪಂದ್ಯ ಪೂರ್ತಿ ಆಡ್ತಾನೆ ಅಂತ ಲೆಕ್ಕ ಹಾಕಬೇಡಿ.

ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಿ: ಆ ಮೂವರು ಸೆಂಟರ್‌ಬ್ಯಾಕ್‌ಗಳು *ಒಟ್ಟಿಗೆ* ಎಷ್ಟು ನಿಮಿಷ ಆಡಿದ್ದಾರೆ? ಮೂವರಿಗೂ ಬಿಡಿಬಿಡಿಯಾಗಿ 300 ನಿಮಿಷ ಆಗಿದ್ದು, ಜೊತೆಯಾಗಿ ಬರೀ 100 ಆಗಿದ್ದರೆ ರಕ್ಷಣೆಯ ಸಾಲನ್ನು ಒಟ್ಟಿಗೆ ಮುಂದೆ ತರುವಾಗ ಒಬ್ಬ ಹಿಂದೆ ಉಳಿದು ಎದುರಾಳಿ ಆಫ್‌ಸೈಡ್ ಆಗೋದನ್ನ ತಪ್ಪಿಸ್ತಾನೆ. ಹೊಸ ಕೋಚ್‌ಗಳ ಮೊದಲ ತಿಂಗಳಲ್ಲಿ ಮತ್ತೆ ಮತ್ತೆ ಕಾಣೋ ಗೋಲು ಅದು. 1-4ರಲ್ಲಿ ಆ ಮೂರು ಗೋಲು ಬಿದ್ದಾಗ ಮೈದಾನದಲ್ಲಿ ಇದ್ದವರು ಯಾರು ಅಂತ ನೋಡಿ. ಅಕಾಡೆಮಿ ಹುಡುಗರಿದ್ದರೆ ಮರೆತುಬಿಡಿ. ಮೊದಲ ಹನ್ನೊಂದೇ ಇದ್ದರೆ ಮಾತು ಬೇರೆ.

---

ಎರಡನೇ_ಬಾಲ್

ಹಾಫ್‌ಸ್ಪೇಸ್ ಹೇಳಿದ್ದು ಸರಿ. ನಾನು ಎರಡನೇ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ 4-2-3-1ರಿಂದ 3-4-2-1ಕ್ಕೆ ಹೋಗುವಾಗ ಎಲ್ಲಿ ಹರಿಯುತ್ತೆ ಅನ್ನೋದು ಮೊದಲೇ ಗೊತ್ತಿರೋ ವಿಷಯ.

ಎದುರಾಳಿ 4-3-3 ಆಡ್ತಾರೆ ಅಂದ್ಕೊಳ್ಳಿ. ಅವರ ರೈಟ್‌ಬ್ಯಾಕ್ ಕಾಲಿಗೆ ಚೆಂಡು ಬಂತು. ಅವನ ಮೇಲೆ ಹಾರಬೇಕಾದವರು, ಅಂದ್ರೆ ಓಡಿಹೋಗಿ ಒತ್ತಡ ಹಾಕಬೇಕಾದವರು ಯಾರು? ನಮ್ಮ ಎಡ ವಿಂಗ್‌ಬ್ಯಾಕ್ ಹಾರಿದರೆ ಅವನ ಹಿಂದೆ ಅವರ ವಿಂಗರ್ ಒಬ್ಬನೇ ಉಳಿಯುತ್ತಾನೆ. ಅದೇ ಕ್ಷಣಕ್ಕೆ ಎಡ ಸೆಂಟರ್‌ಬ್ಯಾಕ್ ಹೊರಗೆ ಸರಿದು ಆ ವಿಂಗರ್‌ಗೆ ಅಂಟಬೇಕು, ಉಳಿದಿಬ್ಬರು ಅವನ ಕಡೆಗೆ ಜರುಗಬೇಕು, ಆಚೆ ಬದಿಯ ವಿಂಗ್‌ಬ್ಯಾಕ್ ಒಳಗೆ ಬಂದು ನಾಲ್ಕನೆಯವನಾಗಬೇಕು. ಇಷ್ಟೂ ಒಂದೂವರೆ ಸೆಕೆಂಡಿನಲ್ಲಿ. ಒಬ್ಬ ಅರ್ಧ ಹೆಜ್ಜೆ ತಡ ಮಾಡಿದರೆ ಗೆರೆಯುದ್ದಕ್ಕೂ ಒಂದು ಪಾಸ್ ಸಾಕು, ನಮ್ಮ ಪೆನಾಲ್ಟಿ ಬಾಕ್ಸ್‌ನ ಮೂಲೆ ತೆರೆದುಕೊಳ್ಳುತ್ತೆ.

ಆ ಭಯಕ್ಕೆ ವಿಂಗ್‌ಬ್ಯಾಕ್ ಹಾರದೇ ನಿಂತರೆ ಇನ್ನೊಂದು ರೋಗ. ಆಕಾರ 5-2-3 ಆಗುತ್ತೆ, ಮಧ್ಯೆ ಇಬ್ಬರೇ. ಅವರ ಮೂರನೇ ಮಿಡ್‌ಫೀಲ್ಡರ್ ನಮ್ಮ ಇಬ್ಬರು ನಂಬರ್ 10ಗಳ (ಸ್ಟ್ರೈಕರ್ ಹಿಂದೆ ಆಡುವವರು) ಬೆನ್ನ ಹಿಂದೆ ಆರಾಮಾಗಿ ನಿಂತು ಚೆಂಡು ತಗೊಂಡು ತಿರುಗ್ತಾನೆ. ಟಿವಿಯಲ್ಲಿ ನೋಡುವಾಗ ಚೆಂಡು ಬಿಟ್ಟು ಅವನೊಬ್ಬನನ್ನೇ ಹತ್ತು ನಿಮಿಷ ನೋಡಿ. ಅವನು ಮುಖ ಮುಂದೆ ಮಾಡಿಕೊಂಡು ಚೆಂಡು ಪಡೆಯೋದು ಮತ್ತೆ ಮತ್ತೆ ಕಂಡರೆ ನಾವು 2-0 ಮುಂದಿದ್ದರೂ ಪದ್ಧತಿ ಇನ್ನೂ ಕೂತಿಲ್ಲ. ಅವನು ಬೆನ್ನು ಮಾಡಿ ಪಡೆದು ಹಿಂದಕ್ಕೇ ಕೊಡ್ತಿದ್ದರೆ 0-1 ಹಿಂದಿದ್ದರೂ ಚಿಂತೆ ಕಮ್ಮಿ.

ಗಡಿಯಾರದಲ್ಲಿ 60ರಿಂದ 75ರ ನಡುವಿನ ಕಾಲ ನೋಡಿ. ಆಗಲೇ ಕಾಲು ಸೋಲೋದು. ಮುಂದಿನ ಮೂವರು ಒತ್ತಡ ಹಾಕೋಕೆ ಓಡ್ತಾರೆ, ಹಿಂದಿನವರು ಮಾತ್ರ ಮೇಲೆ ಬರೋದಿಲ್ಲ. ಎರಡು ಸಾಲಿನ ನಡುವೆ 10–12 ಮೀಟರ್ ಇದ್ದದ್ದು 25 ಆಗುತ್ತೆ. ಮೊನ್ನೆ ಎರಡನೇ ಹಾಫ್‌ನಲ್ಲಿ ಬಿಟ್ಟ ಗೋಲುಗಳು ಈ ವೇಳೆಯವೇ ಆಗಿದ್ದರೆ ಅದು ಫಿಟ್‌ನೆಸ್ ಕಥೆ, ಮೂರು ನಾಲ್ಕು ವಾರದಲ್ಲಿ ತಾನಾಗೇ ಸರಿಹೋಗುತ್ತೆ.

ಸೆಟ್‌ಪೀಸ್ (ಕಾರ್ನರ್, ಫ್ರೀಕಿಕ್ ಥರದವು) ಬಗ್ಗೆ ಒಂದು ಮಾತು. ಹೊಸ ಕೋಚ್ ಮ್ಯಾನ್ ಮಾರ್ಕಿಂಗ್ (ಒಬ್ಬ ಎದುರಾಳಿಗೆ ಒಬ್ಬ ಕಾವಲು) ಬಿಟ್ಟು ಝೋನಲ್ (ಒಬ್ಬೊಬ್ಬ ಒಂದು ಜಾಗ ಕಾಯೋದು) ತಂದಿದ್ದರೆ ಮೊದಲ ಕಾರ್ನರ್‌ನಲ್ಲೇ ಗೊತ್ತಾಗುತ್ತೆ: ನಿಯರ್ ಪೋಸ್ಟ್ (ಕಾರ್ನರ್‌ಗೆ ಹತ್ತಿರದ ಗೋಲುಕಂಬ) ಎದುರು ನಿಂತವನು ಚೆಂಡಿನ ಕಡೆಗೆ ಮೊದಲ ಹೆಜ್ಜೆ ಇಡ್ತಾನಾ, ಇಲ್ಲ ನಿಂತಲ್ಲೇ ಹಾರ್ತಾನಾ? ನಿಂತಲ್ಲೇ ಹಾರಿದರೆ ಓಡಿ ಬಂದು ಹಾರುವವನ ಎದುರು ಗೆಲ್ಲೋದು ಕಷ್ಟ. ಬಡ್ತಿ ಪಡೆದು ಬಂದವರ ಹತ್ತಿರ ಉದ್ದದ ಥ್ರೋ ಎಸೆಯುವವನೊಬ್ಬ ಇದ್ದರಂತೂ ಮೊದಲ ಇಪ್ಪತ್ತು ನಿಮಿಷ ಬರೀ ಇದೇ ಪರೀಕ್ಷೆ.

---

ಸ್ಟ್ರಾಪಿಂಗ್_ಟೇಪ್

ಆ ಇಬ್ಬರು ವಿಂಗ್‌ಬ್ಯಾಕ್‌ಗಳು ಆಡೋ ಸ್ಥಿತಿಯಲ್ಲಿ ಇದ್ದಾರಾ ಅನ್ನೋದನ್ನ ಯಾರೂ ಮುಟ್ಟಲಿಲ್ಲ. ಆ ಪದ್ಧತಿ ನಿಂತಿರೋದೇ ಅವರಿಬ್ಬರ ಮೇಲೆ.

ಗ್ರೇಡ್ 2 ಅಂದ್ರೆ ಸ್ನಾಯುವಿನ ಎಳೆ ಭಾಗಶಃ ಹರಿದಿದೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ. ನಾಲ್ಕು ವಾರಕ್ಕೇ "ಲಭ್ಯ" ಅಂದ್ರೆ ಬೆಂಚ್‌ನಲ್ಲಿ ಕೂರಬಹುದು ಅಂತ ಓದಿಕೊಳ್ಳಿ. ಹ್ಯಾಮ್‌ಸ್ಟ್ರಿಂಗ್ ಮೇಲೆ ಅತಿ ಹೆಚ್ಚು ಎಳೆತ ಬೀಳೋದು ಪೂರ್ತಿ ವೇಗದ ಓಟದಲ್ಲಿ, ಮುಂದೆ ಚಾಚಿದ ಕಾಲು ಇನ್ನೇನು ನೆಲ ಮುಟ್ಟಬೇಕು ಅನ್ನೋ ಹಂತದಲ್ಲಿ. ವಿಂಗ್‌ಬ್ಯಾಕ್‌ಗೆ ಆ ಓಟವೇ ಕೆಲಸ, ಅದೂ ವಾಪಸ್ ಬರೋ ಓಟದ ಸಮೇತ. ಅದೇ ಜಾಗ ಮತ್ತೆ ಹರಿಯುವ ಅಪಾಯ ವಾಪಸ್ ಬಂದ ಮೊದಲ ಕೆಲವು ವಾರಗಳಲ್ಲೇ ಹೆಚ್ಚು, ಎರಡನೇ ಸಲ ಹರಿದರೆ ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತೆ.

ಕ್ಲಬ್ ಹಾಕುವ ತರಬೇತಿ ವಿಡಿಯೊ ನೋಡಿ. ಅವನು ತಂಡದ ಜೊತೆ ಸಣ್ಣ ಜಾಗದಲ್ಲಿ ಪಾಸಿಂಗ್ ಮಾಡ್ತಿದ್ದರೆ ಅದಕ್ಕೆ ಬೆಲೆ ಇಲ್ಲ. 30–40 ಮೀಟರ್ ಪೂರ್ತಿ ವೇಗದಲ್ಲಿ ಓಡಿ ಕ್ರಾಸ್ ಹಾಕಿ ಮತ್ತೆ ಓಡಿ ವಾಪಸ್ ಬರ್ತಿದ್ದರೆ ಮಾತ್ರ ಆಡಿಸೋ ಯೋಚನೆ ಇದೆ. ನನ್ನ ಪ್ರಕಾರ ಅವನನ್ನು 60ನೇ ನಿಮಿಷದ ನಂತರ ಇಳಿಸೋದೇ ಜಾಣತನ. ಮೊದಲಿನಿಂದ ಆಡಿಸಿದರೆ ಅದೇ ಹೊತ್ತಿಗೆ ತೆಗೆಯಲೇಬೇಕಾಗುತ್ತೆ. ಬದಲಿ ಐದು ಇದ್ದರೂ ಹಾಫ್‌ಟೈಮ್ ಬಿಟ್ಟರೆ ಆಟ ನಿಲ್ಲಿಸಿ ಬದಲಿಸೋಕೆ ಸಿಗೋದು ಮೂರೇ ಅವಕಾಶ. ಒಂದನ್ನು ಮೊದಲೇ ಅಡವಿಟ್ಟ ಹಾಗೆ.

ಬಲಗಡೆಯವನ ವಿಷಯ ಇನ್ನೂ ಸರಳ. ಹೊರದೇಶದಿಂದ ಬಂದವನಿಗೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬರಬೇಕು, ಕೆಲಸದ ಪರವಾನಗಿ ಬೇಕಿರೋ ದೇಶ ಆದರೆ ಅದೂ, ಆಮೇಲೆ ಲೀಗ್‌ನ ಗಡುವಿನೊಳಗೆ ನೋಂದಣಿ. "ಸಹಿ ಆಯ್ತು" ಅಂದ್ರೆ "ಆಡಬಹುದು" ಅಂತಲ್ಲ. ಕಳೆದ ಸೀಸನ್‌ನ ಕೊನೆಯಲ್ಲಿ ಕೆಂಪು ಕಾರ್ಡ್ ತಿಂದವರ ನಿಷೇಧ ಬಾಕಿ ಇದ್ದರೆ ಅದೂ ಈ ಪಂದ್ಯಕ್ಕೆ ಅಂಟಿಕೊಂಡು ಬರುತ್ತೆ. ಇವನ್ನೆಲ್ಲ ಈಗಲೇ ನೋಡಿಕೊಂಡರೆ ತಂಡದ ಪಟ್ಟಿ ಬಂದಾಗ ಎದೆ ಧಸಕ್ ಅನ್ನೋದಿಲ್ಲ.

---

ಗೋಲ್_ಡಿಫರೆನ್ಸ್

"ಮೊದಲ ಪಂದ್ಯಕ್ಕೆ ಅರ್ಥವೇ ಇಲ್ಲ" ಅನ್ನೋ ಧಾಟಿಯನ್ನು ಪೂರ್ತಿ ಒಪ್ಪೋಕೆ ಆಗಲ್ಲ. ಇಲ್ಲಿ ಹೋಲಿಸಬೇಕಾದ ಎರಡು ಉದಾಹರಣೆ ಇವೆ, ಎರಡೂ ಹೊಸ ಕೋಚ್‌ನವು, ಎರಡರಲ್ಲೂ ಎದುರಾಳಿ ಬಡ್ತಿ ಪಡೆದು ಬಂದವರು.

2008ರಲ್ಲಿ ಗಾರ್ಡಿಯೋಲಾ ಬಾರ್ಸಿಲೋನಾ ಕೋಚ್ ಆದ ಮೇಲಿನ ಮೊದಲ ಲೀಗ್ ಪಂದ್ಯ ನುಮಾನ್ಸಿಯಾ ಮೈದಾನದಲ್ಲಿ: 0-1 ಸೋಲು. ಎರಡನೆಯದು ರೇಸಿಂಗ್ ಜೊತೆ 1-1. ಮೂರನೆಯದರಲ್ಲಿ ಸ್ಪೋರ್ಟಿಂಗ್ ಗಿಹೋನ್ ಮೇಲೆ 6-1, ಸೀಸನ್ ಮುಗಿದಾಗ ಮೂರು ಕಪ್. ನುಮಾನ್ಸಿಯಾ ಆ ವರ್ಷವೇ ಕೆಳಗಿಳಿಯಿತು.

2017ರಲ್ಲಿ ಫ್ರಾಂಕ್ ಡಿ ಬೂರ್ ಕ್ರಿಸ್ಟಲ್ ಪ್ಯಾಲೆಸ್‌ಗೆ ಬಂದು ಮೂವರು ಸೆಂಟರ್‌ಬ್ಯಾಕ್‌ಗಳ ಆಟ ಹಾಕಿದರು. ಮೊದಲ ಪಂದ್ಯ ತಮ್ಮ ಮೈದಾನದಲ್ಲೇ ಹಡರ್ಸ್‌ಫೀಲ್ಡ್ ಎದುರು 0-3. ಲೀಗ್‌ನ ನಾಲ್ಕು ಪಂದ್ಯ, ನಾಲ್ಕೂ ಸೋಲು, ಗೋಲು ಸೊನ್ನೆ, ಕೋಚ್ ಮನೆಗೆ. ಅವರ ಜಾಗಕ್ಕೆ ಹಾಡ್ಸನ್ ಬಂದ ಮೇಲೂ ಇನ್ನೂ ಮೂರು ಪಂದ್ಯ ಗೋಲಿಲ್ಲದೆ ಸೋತರು, ಆಮೇಲೆ ಚೆಲ್ಸಿಯನ್ನು ಸೋಲಿಸಿ ಏಳುತ್ತಾ ಹೋಗಿ 11ನೇ ಸ್ಥಾನದಲ್ಲಿ ಮುಗಿಸಿದರು.

ವ್ಯತ್ಯಾಸ ಎಲ್ಲಿದೆ? ಬಾರ್ಸಿಲೋನಾ ಆಟಗಾರರಲ್ಲಿ ಅನೇಕರು ಅದೇ ಆಟದಲ್ಲಿ ಬೆಳೆದವರು. ಪ್ಯಾಲೆಸ್ ತಂಡ ಬೇರೆ ಆಟಕ್ಕಾಗಿ ಕಟ್ಟಿದ್ದು. ಹಾಗಾಗಿ ನಿಮ್ಮ ತಂಡಕ್ಕೆ ಕೇಳಬೇಕಾದ ಪ್ರಶ್ನೆ: ಈ ಪದ್ಧತಿಗೆ ಬೇಕಾದ ಎಡಗಾಲಿನ ಸೆಂಟರ್‌ಬ್ಯಾಕ್, ನಿಜವಾದ ಇಬ್ಬರು ವಿಂಗ್‌ಬ್ಯಾಕ್, ಬೆನ್ನಿಗೆ ಆಳು ಇದ್ದರೂ ತಿರುಗಬಲ್ಲ ಇಬ್ಬರು ನಂಬರ್ 10 ಇದ್ದಾರಾ? ವಿಂಗರ್‌ನನ್ನು ಹಿಂದಕ್ಕೆ ಎಳೆದು ವಿಂಗ್‌ಬ್ಯಾಕ್ ಮಾಡಿದ್ದರೆ ನಾನಾದರೂ ಹೆದರುತ್ತೇನೆ.

ಇನ್ನು ಅದೃಷ್ಟದ ಲೆಕ್ಕ. ನಮ್ಮವರು 1.8 ಎಕ್ಸ್‌ಜಿಯಷ್ಟು (ಸಿಕ್ಕ ಅವಕಾಶಗಳ ಗುಣಮಟ್ಟ ನೋಡಿ ನಿರೀಕ್ಷಿಸಬಹುದಾದ ಗೋಲುಗಳ ಲೆಕ್ಕ) ಅವಕಾಶ ಸೃಷ್ಟಿಸಿ 0.8 ಬಿಟ್ಟುಕೊಟ್ಟರು ಅಂದ್ಕೊಳ್ಳಿ, ಅಂದ್ರೆ ಸ್ಪಷ್ಟವಾಗಿ ಮೇಲುಗೈ. ಗೋಲುಗಳು ಪ್ವಾಸಾನ್ ಅನ್ನೋ ಸಂಭವನೀಯತೆಯ ಸೂತ್ರದ ಪ್ರಕಾರ ಬೀಳ್ತವೆ ಅಂತ ಲೆಕ್ಕ ಹಾಕಿದರೆ ಅಂಥ ನೂರು ಪಂದ್ಯದಲ್ಲಿ ಗೆಲುವು ಸುಮಾರು 61, ಡ್ರಾ 23, ಸೋಲು 16. ಇಷ್ಟು ಚೆನ್ನಾಗಿ ಆಡಿದರೂ ಹತ್ತರಲ್ಲಿ ನಾಲ್ಕು ಸಲ ಮೂರು ಪಾಯಿಂಟ್ ಸಿಗೋದಿಲ್ಲ. ಎಕ್ಸ್‌ಜಿ ನೋಡುವಾಗ ಪೆನಾಲ್ಟಿ ಕಳೆದು ನೋಡಿ, ಒಂದು ಪೆನಾಲ್ಟಿಯೇ 0.75ಕ್ಕಿಂತ ಜಾಸ್ತಿ ಸೇರಿಸಿ ಚಿತ್ರ ಕೆಡಿಸುತ್ತೆ.

ಎಷ್ಟು ಪಂದ್ಯ ಕಾಯಬೇಕು ಅಂದ್ರೆ ಎಂಟು. ಅದಕ್ಕಿಂತ ಮೊದಲು ಟೇಬಲ್ ನೋಡೋದು ದಂಡ, ಯಾರು ಯಾರ ಜೊತೆ ಆಡಿದ್ದಾರೆ ಅನ್ನೋದೇ ಸಮ ಇರಲ್ಲ. ಬದಲಿಗೆ ಕಳೆದ ಸೀಸನ್‌ನಲ್ಲಿ ಇದೇ ಎಂಟು ಎದುರಾಳಿಗಳ ಜೊತೆ, ಇದೇ ಮೈದಾನಗಳಲ್ಲಿ ಎಷ್ಟು ಪಾಯಿಂಟ್ ಬಂದಿತ್ತು ಅಂತ ಬರೆದಿಟ್ಟುಕೊಳ್ಳಿ. ಕೆಳಗಿಳಿದ ತಂಡಗಳ ಜಾಗಕ್ಕೆ ಬಡ್ತಿ ಪಡೆದವರನ್ನು ಕ್ರಮವಾಗಿ ಹಾಕಿ: ಚಾಂಪಿಯನ್ ಆಗಿ ಬಂದವರು 18ನೇ ಸ್ಥಾನದವರ ಬದಲು, ಹೀಗೆ. ಅದಕ್ಕಿಂತ ಐದಾರು ಪಾಯಿಂಟ್ ಹಿಂದಿದ್ದು ಎಕ್ಸ್‌ಜಿ ವ್ಯತ್ಯಾಸವೂ ಮೈನಸ್‌ನಲ್ಲಿದ್ದರೆ ಆಗ ಬೇಕಾದಷ್ಟು ಬೈಯಿರಿ. ಪಾಯಿಂಟ್ ಹಿಂದೆ, ಎಕ್ಸ್‌ಜಿ ಪ್ಲಸ್ ಇದ್ದರೆ ಬಾಯಿ ಮುಚ್ಚಿಕೊಂಡು ಇನ್ನೂ ನಾಲ್ಕು ಪಂದ್ಯ ನೋಡಿ.

ಗೆದ್ದರೂ ಹಾರಾಡಬೇಡಿ. 2016ರಲ್ಲಿ ಹಲ್ ಸಿಟಿ ಮೊದಲ ಪಂದ್ಯದಲ್ಲಿ ಹಾಲಿ ಚಾಂಪಿಯನ್ ಲೆಸ್ಟರ್‌ನ 2-1ರಿಂದ ಬಡಿದು, ಎರಡನೆಯದನ್ನೂ ಗೆದ್ದು, ಕೊನೆಗೆ ರೆಲಿಗೇಟ್ ಆದರು.

---

ಕಾರ್ನರ್_ಫ್ಲ್ಯಾಗ್

ಎಲ್ಲರಿಗೂ ಥ್ಯಾಂಕ್ಸ್. ನಿಮಿಷಗಳ ಪಟ್ಟಿ ಮಾಡಿದೆ. ಮೂವರು ಸೆಂಟರ್‌ಬ್ಯಾಕ್ ಒಟ್ಟಿಗೆ ಆಡಿದ್ದು 165 ನಿಮಿಷ, ಕೊನೆಯ ಪಂದ್ಯದಲ್ಲಿ 62ನೇ ನಿಮಿಷಕ್ಕೆ ಇಬ್ಬರನ್ನು ತೆಗೆದಿದ್ದಾರೆ. ಮೂರು ಗೋಲಲ್ಲಿ ಎರಡು ಅದಾದ ಮೇಲೆ, ಒಂದು 57ರಲ್ಲಿ, ಅದೇ ಎಡ ಮೂಲೆಯಿಂದ. ಎಡ ವಿಂಗ್‌ಬ್ಯಾಕ್ ಜಾಗದಲ್ಲಿ ಆಡಿದ್ದು ವಿಂಗರ್.

---

ಎರಡನೇ_ಬಾಲ್

ಹಾಗಾದರೆ ಆ 57ನೇ ನಿಮಿಷದ ಗೋಲೊಂದೇ ನಿಮಗೆ ಬೇಕಾದ ಸುಳಿವು, ಉಳಿದೆರಡು ಕಸ. ಎದುರಾಳಿ ಕೋಚ್ ಕೂಡ ಅದೇ ವಿಡಿಯೊ ನೋಡಿರ್ತಾರೆ, ಮೊದಲ ಹದಿನೈದು ನಿಮಿಷ ಆ ಬದಿಗೇ ಉದ್ದದ ಚೆಂಡು ಬರುತ್ತೆ. ತಂಡದ ಪಟ್ಟಿ ಬಂದ ತಕ್ಷಣ ಎಡಗಡೆ ಯಾರು ಅಂತ ನೋಡಿ. ಮತ್ತೆ ಅದೇ ವಿಂಗರ್ ಇದ್ದರೆ, ಆ ಬದಿಯ ಮಿಡ್‌ಫೀಲ್ಡರ್ ಎಲ್ಲಿ ನಿಲ್ತಾನೆ ನೋಡಿ. ವಿಂಗರ್ ಮೇಲೆ ಹೋದಾಗಲೆಲ್ಲ ಅವನು ಹತ್ತು ಮೀಟರ್ ಎಡಕ್ಕೆ ಜರುಗಿ ಆ ಜಾಗ ಮುಚ್ಚುತ್ತಿದ್ದರೆ ಕೋಚ್ ಮೊನ್ನೆಯ ತೂತು ನೋಡಿ ಹೊಲಿಗೆ ಹಾಕಿದ್ದಾರೆ ಅಂತ.