ಪದಚರ್ಚೆ: ನಾಲ್ಕು ಮಾತಿಗೆ ಒಂದೇ ‘ಕದನವಿರಾಮ’ ಸಾಕೇ?

ಪ್ರಶ್ನೆ

ಶಾಂತಿ ಮತ್ತು ಸಂಘರ್ಷ ಅಧ್ಯಯನದ ಪಠ್ಯವೊಂದು ಕನ್ನಡಕ್ಕೆ ಬರುತ್ತಿದೆ. ಸೀಸ್‌ಫೈರ್, ಟ್ರೂಸ್, ಆರ್ಮಿಸ್ಟಿಸ್, ಸೆಸೇಷನ್ ಆಫ್ ಹಾಸ್ಟಿಲಿಟೀಸ್, ಈ ನಾಲ್ಕಕ್ಕೂ ಕರಡಿನಲ್ಲಿ ‘ಕದನವಿರಾಮ’ ಎಂದೇ ಇದೆ. 1953ರ ಕೊರಿಯಾ ಒಪ್ಪಂದದ ಪೀಠಿಕೆಗೆ ಬಂದಾಗ ಇದು ಕೈಕೊಟ್ಟಿತು. ಅಲ್ಲಿನ ವಾಕ್ಯ ಹೀಗಾಗಿದೆ: ‘ಅಂತಿಮ ಶಾಂತಿಯುತ ಇತ್ಯರ್ಥ ಆಗುವವರೆಗೆ ಸಂಪೂರ್ಣ ಕದನವಿರಾಮವನ್ನು ಖಾತರಿಪಡಿಸುವ ಕದನವಿರಾಮ’. ಮೊದಲ ‘ಕದನವಿರಾಮ’ ಮೂಲದಲ್ಲಿ ಸೆಸೇಷನ್ ಆಫ್ ಹಾಸ್ಟಿಲಿಟೀಸ್, ಎರಡನೆಯದು ಆರ್ಮಿಸ್ಟಿಸ್. ಆರ್ಮಿಸ್ಟಿಸ್‌ಗೆ ಮರಾಠಿಯ ‘ಶಸ್ತ್ರಸಂಧಿ’ಯನ್ನು ತರಬಹುದೇ? ‘ಯುದ್ಧವಿರಾಮ’ವನ್ನು ಬೇರೆ ಅರ್ಥಕ್ಕೆ ಮೀಸಲಿಡಬಹುದೇ?

ಉತ್ತರ 1

‘ಶಸ್ತ್ರಸಂಧಿ’ ಬೇಡ. ಕನ್ನಡದಲ್ಲಿ ಸಂಧಿ ಎಂದರೆ ಜಗಳ ತೀರಿತು ಎಂದೇ ಅರ್ಥ. ಕೌಟಿಲ್ಯ ಹೇಳುವ ರಾಜನೀತಿಯ ಆರು ಗುಣಗಳಲ್ಲಿ ಮೊದಲನೆಯದು ಸಂಧಿ, ಎರಡನೆಯದು ವಿಗ್ರಹ, ಅಂದರೆ ಯುದ್ಧ. ನಮ್ಮ ಶಾಸನಗಳ ‘ಸಂಧಿವಿಗ್ರಹಿ’ ಎಂಬ ಅಧಿಕಾರಿಯ ಹೆಸರು ಈ ಜೋಡಿಯಿಂದಲೇ ಬಂದದ್ದು. ಆರ್ಮಿಸ್ಟಿಸ್‌ನಲ್ಲಿ ತೀರುವುದು ಹೊಡೆದಾಟ, ವಿವಾದವಲ್ಲ. ಲ್ಯಾಟಿನ್ ಮೂಲ ನೋಡಿದರೆ ‘ಆಯುಧ ನಿಲ್ಲುವಿಕೆ’. ಅದನ್ನು ಹಿಡಿದು ‘ಶಸ್ತ್ರಸ್ತಂಭನ’ ಮಾಡಬಹುದಿತ್ತು, ಆದರೆ ಅದು ಮಾಟಮಂತ್ರದ ವಶೀಕರಣ, ಉಚ್ಚಾಟನದ ಸಾಲಿನಲ್ಲಿ ನಿಂತುಬಿಡುತ್ತದೆ!

‘ಯುದ್ಧವಿರಾಮ’ವೂ ಉಪಯೋಗಕ್ಕೆ ಬರದು. ಹಿಂದಿಯಲ್ಲಿ ಅದನ್ನು ಸೀಸ್‌ಫೈರ್‌ಗೇ ಬಳಸುತ್ತಾರೆ. ಕದನ, ಯುದ್ಧಗಳ ನಡುವೆ ಕನ್ನಡದ ಓದುಗ ಅಂಥ ವ್ಯತ್ಯಾಸವನ್ನೂ ಕಾಣುವುದಿಲ್ಲ. ಆರ್ಮಿಸ್ಟಿಸ್‌ಗೆ ನನ್ನ ಸಲಹೆ ‘ಯುದ್ಧಸ್ಥಗಿತ ಒಪ್ಪಂದ’. ಉದ್ದವಾಯಿತು, ನಿಜ. ಆದರೆ ‘ಒಪ್ಪಂದ’ ಇಲ್ಲಿ ಇರಲೇಬೇಕು, ಏಕೆಂದರೆ ಆರ್ಮಿಸ್ಟಿಸ್ ಎಂಬುದು ಸಹಿ ಬಿದ್ದ ದಸ್ತಾವೇಜು. ಕೊರಿಯಾದ್ದನ್ನೇ ನೋಡಿ. 1953ರ ಜುಲೈ 27ರ ಬೆಳಿಗ್ಗೆ 10ಕ್ಕೆ ಪಾನ್‌ಮುನ್‌ಜೊಮ್‌ನಲ್ಲಿ ಸಹಿ, ಅದೇ ರಾತ್ರಿ 10ಕ್ಕೆ ಗುಂಡು ನಿಲ್ಲಬೇಕು, ಆಮೇಲೆ 72 ಗಂಟೆಯೊಳಗೆ ಎರಡೂ ಕಡೆಯವರು ನಡುವಿನ 4 ಕಿ.ಮೀ. ಅಗಲದ ಪಟ್ಟಿಯಿಂದ ಸೇನೆ ತೆಗೆಯಬೇಕು. ಪೀಠಿಕೆ ಹೀಗಾಗಲಿ: ‘ಅಂತಿಮ ಶಾಂತಿಯುತ ಇತ್ಯರ್ಥ ಆಗುವವರೆಗೆ ಯುದ್ಧಕೃತ್ಯಗಳು ಪೂರ್ತಿಯಾಗಿ ನಿಲ್ಲುವಂತೆ ಮಾಡುವ ಯುದ್ಧಸ್ಥಗಿತ ಒಪ್ಪಂದ’.

‘ಹಾಸ್ಟಿಲಿಟೀಸ್’ ಕಂಡಕೂಡಲೇ ‘ಹಗೆತನ’ ಎಂದು ಬರೆಯಬೇಡಿ. ಹಗೆತನ ಮನಸ್ಸಿನದು, ಯಾವ ಸಹಿಗೂ ನಿಲ್ಲದು. ನಿಲ್ಲುವುದು ಕೃತ್ಯ. ಆದ್ದರಿಂದ ‘ಯುದ್ಧಕೃತ್ಯ ನಿಲುಗಡೆ’.

ಇನ್ನೊಂದು ಎಚ್ಚರ: ಆ ಅಂತಿಮ ಇತ್ಯರ್ಥ ಇಂದಿಗೂ ಆಗಿಲ್ಲ. ಯುದ್ಧಕೈದಿಗಳಿಗಾಗಿ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರಾಗಿದ್ದರಲ್ಲ, ಆ ಪ್ರಸಂಗ ಬರೆಯುವಾಗ ‘ಕೊರಿಯಾ ಶಾಂತಿ ಒಪ್ಪಂದದ ಮೇರೆಗೆ’ ಎಂದರೆ ತಪ್ಪಾಗುತ್ತದೆ.

ಉತ್ತರ 2

ಮೇಲಿನದಕ್ಕೆ ಬಹುಪಾಲು ಒಪ್ಪಿಗೆ. ಟ್ರೂಸ್ ಉಳಿಯಿತು. ಅದಕ್ಕೆ ‘ಕದನ ಬಿಡುವು’ ಇರಲಿ. ‘ಮಳೆ ಬಿಡುವು ಕೊಟ್ಟಿದೆ’ ಅಂದಾಗ ಮತ್ತೆ ಹೊಯ್ಯುತ್ತದೆ ಅಂತ ಎಲ್ಲರಿಗೂ ಗೊತ್ತು. ಟ್ರೂಸ್‌ನ ಜೀವ ಅದೇ. ಮೊದಲ ಮಹಾಯುದ್ಧದಲ್ಲಿ, 1914ರ ಕ್ರಿಸ್ಮಸ್‌ನಲ್ಲಿ, ಕಂದಕಗಳಿಂದ ಎರಡೂ ಕಡೆಯ ಸೈನಿಕರು ಮೇಲೆದ್ದು ಬಂದದ್ದು ಬಿಡುವು, ಯಾರ ಸಹಿಯೂ ಇಲ್ಲ. 2022ರ ಏಪ್ರಿಲ್ 2ರಿಂದ ಯೆಮನ್‌ನಲ್ಲಿ ವಿಶ್ವಸಂಸ್ಥೆ ತಂದದ್ದೂ ಎರಡು ತಿಂಗಳ ಬಿಡುವೇ. ಅದು ಎರಡು ಸಲ ನವೀಕರಣವಾಗಿ ಅಕ್ಟೋಬರ್ 2ಕ್ಕೆ ಮುಗಿಯಿತು.

ಆದರೆ ಅವಧಿ ನೋಡಿ ಪದ ಆರಿಸಲು ಹೋಗಬೇಡಿ. 1918ರ ನವೆಂಬರ್ 11ರದ್ದು ಆರ್ಮಿಸ್ಟಿಸ್, ಅದರ ಮೊದಲ ಅವಧಿ ಬರೀ 36 ದಿನ. ಮತ್ತೆ ಮತ್ತೆ ಮುಂದೂಡಿ, 1919ರ ಜೂನ್ 28ಕ್ಕೆ ವರ್ಸೇಲ್ಸ್‌ನಲ್ಲಿ ಶಾಂತಿ ಒಪ್ಪಂದ. ಯಾರು ಒಪ್ಪಿದರು, ಬರಹದಲ್ಲಿ ಏನಿದೆ, ಮುರಿಯಬೇಕಾದರೆ ಏನು ಮಾಡಬೇಕು, ಇವು ಮೂರನ್ನು ಕೇಳಿ. ಅವಧಿ ಹೇಳದ ಆರ್ಮಿಸ್ಟಿಸ್ ಆದರೆ, ಒಪ್ಪಿದಷ್ಟು ಮುಂಚಿತವಾಗಿ ಎದುರಾಳಿಗೆ ತಿಳಿಸಿ ಯುದ್ಧ ಮುಂದುವರಿಸಬಹುದು ಎಂದು ಯುದ್ಧದ ರೀತಿನೀತಿ ಕುರಿತ 1907ರ ಹೇಗ್ ನಿಯಮಾವಳಿಯ 36ನೇ ಕಲಮು ಹೇಳುತ್ತದೆ. ಶ್ರೀಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ ನಡುವಿನ 2002ರ ಕದನವಿರಾಮ ಒಪ್ಪಂದದಲ್ಲಿ 14 ದಿನದ ನೋಟಿಸ್ ಎಂದಿತ್ತು. ಹಿಂದೆ ಸರಿಯುವುದಾಗಿ ಸರ್ಕಾರ 2008ರ ಜನವರಿ 2ಕ್ಕೆ ಪ್ರಕಟಿಸಿತು, 16ಕ್ಕೆ ಒಪ್ಪಂದ ಇಲ್ಲವಾಯಿತು. ಅದಕ್ಕೇ ‘ವಾಪಸು ಪಡೆದರು’ ಮತ್ತು ‘ಉಲ್ಲಂಘಿಸಿದರು’ ಎರಡನ್ನೂ ಒಂದೇ ಎಂಬಂತೆ ಬಳಸಬಾರದು.

ಕ್ರಿಯಾಪದದಲ್ಲೂ ಎಡವುತ್ತೇವೆ. ‘ಕದನವಿರಾಮ ಘೋಷಿಸಲಾಗಿದೆ’ ಎಂಬ ಕರ್ಮಣಿ ವಾಕ್ಯದಲ್ಲಿ ಯಾರು ಘೋಷಿಸಿದರು ಎಂಬುದೇ ಮಾಯ. ಒಬ್ಬರೇ ಆದರೆ ‘ಘೋಷಿಸಿದರು’, ಇಬ್ಬರಾದರೆ ‘ಒಪ್ಪಿದರು’.

ಉತ್ತರ 3

ಮಲಯಾಳದವರು ‘ವೆಡಿನಿರ್ತ್ತಲ್’, ತೆಲುಗಿನವರು ‘ಕಾಲ್ಪುಲ ವಿರಮಣ’ ಎನ್ನುತ್ತಾರೆ. ಎರಡರಲ್ಲೂ ನಿಲ್ಲುವುದು ಗುಂಡು ಹಾರಿಸುವುದು ಮಾತ್ರ. ನಾವು ಕದನವನ್ನೇ ನಿಲ್ಲಿಸಿಬಿಟ್ಟಿದ್ದೇವೆ! ಬಳಕೆಯಲ್ಲಿ ಬೇರೂರಿದ ‘ಕದನವಿರಾಮ’ವನ್ನು ಈಗ ಕೀಳಬೇಕಿಲ್ಲ, ಸೀಸ್‌ಫೈರ್‌ಗೆ ಅದೇ ಇರಲಿ. ಆದರೆ ಮೂಲದಲ್ಲಿ ಆ ಪದ ಇಲ್ಲದ ಕಡೆ ನಾವಾಗಿ ತುರುಕಬಾರದು. 2025ರ ಮೇ 10ರಂದು ಭಾರತದ ಅಧಿಕೃತ ಹೇಳಿಕೆಯಲ್ಲಿದ್ದದ್ದು, ಭಾರತ, ಪಾಕಿಸ್ತಾನ ಎರಡೂ ದೇಶಗಳ ಸೇನಾ ಕಾರ್ಯಾಚರಣೆ ಮಹಾನಿರ್ದೇಶಕರು ಮಾತನಾಡಿ, ಸಂಜೆ 5ರಿಂದ ನೆಲ, ವಾಯು, ಸಮುದ್ರಗಳಲ್ಲಿ ಗುಂಡಿನ ದಾಳಿಯನ್ನೂ ಸೇನಾ ಕ್ರಮವನ್ನೂ ನಿಲ್ಲಿಸಲು ಒಪ್ಪಿದರು ಎಂದು. ತಲೆಬರಹಕ್ಕೆ ‘ಕದನವಿರಾಮ’ ಚೊಕ್ಕವಾಗಿ ಕೂರುತ್ತದೆ. ಪಠ್ಯದಲ್ಲಿ ಮೂಲದ ಮಾತನ್ನೇ ಬಿಡಿಸಿ ಬರೆಯಬೇಕು. 2000ದ ನವೆಂಬರಿನಲ್ಲಿ ರಮ್ಜಾನ್‌ಗೆಂದು ಕಾಶ್ಮೀರದಲ್ಲಿ ವಾಜಪೇಯಿ ಸರ್ಕಾರ ಪ್ರಕಟಿಸಿದ್ದೂ ಹೀಗೆಯೇ: ಸೇನೆ ತಾನಾಗಿ ಮುಂದಾಗಿ ಕಾರ್ಯಾಚರಣೆ ಮಾಡುವುದಿಲ್ಲ ಎಂದಷ್ಟೇ.

ಪಠ್ಯದಲ್ಲಿ ಕಾಶ್ಮೀರದ ಅಧ್ಯಾಯವೂ ಇದ್ದರೆ: 1949ರ ಜುಲೈ 27ರ ಕರಾಚಿ ಒಪ್ಪಂದದ್ದು ‘ಕದನವಿರಾಮ ರೇಖೆ’, 1972ರ ಶಿಮ್ಲಾ ಒಪ್ಪಂದದಿಂದ ಈಚೆಗೆ ‘ನಿಯಂತ್ರಣ ರೇಖೆ’. ಪತ್ರಿಕೆಯ ಅಭ್ಯಾಸಬಲದಿಂದ ಅದಕ್ಕೆ ‘ಗಡಿ’ ಸೇರಿಸಬೇಡಿ, ಅದು ಅಂತರರಾಷ್ಟ್ರೀಯ ಗಡಿಯಲ್ಲ. ಕರಾಚಿ ಒಪ್ಪಂದದ ರೇಖೆಯ ವಿವರಣೆ ಮುಗಿಯುವುದು ‘ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ’ ಎಂಬ ಮಾತಿನಲ್ಲಿ. ಇದನ್ನು ‘ನೇರ ಉತ್ತರಕ್ಕೆ’ ಎಂದೋ ‘ಉತ್ತರ ದಿಕ್ಕಿನಲ್ಲಿರುವ ಹಿಮನದಿಗಳ ಅಂಚಿಗೆ’ ಎಂದೋ ತಿದ್ದಿ ಚಂದ ಮಾಡಲು ಹೋಗಬೇಡಿ. ಸಿಯಾಚಿನ್ ಜಗಳ ನಿಂತಿರುವುದೇ ಆ ಅಸ್ಪಷ್ಟತೆಯ ಮೇಲೆ. ಕನ್ನಡದಲ್ಲೂ ಅದು ಅಷ್ಟೇ ಅಸ್ಪಷ್ಟವಾಗಿರಲಿ.