ಬಿಲ್ಲಿ ದ ಕಿಡ್ ನಾಟಕ: ಲಿಂಕನ್ ಜೈಲಿನ ಸೀನು ಹೇಗಿರಬೇಕು?

ಸಿರುಗುಪ್ಪ ರಂಗತಂಡ:
ಜಾತ್ರೆಗೆ ಅಮೆರಿಕದ ಹಳೇ ಡಕಾಯಿತ ಬಿಲ್ಲಿ ದ ಕಿಡ್ ಮೇಲೆ ಒಂದು ತಾಸಿನ ನಾಟಕ ಕಟ್ಟುತ್ತಿದ್ದೇವೆ. ಸ್ಕ್ರಿಪ್ಟಿನ ಪ್ರಕಾರ ಬಿಲ್ಲಿ ಎಡಚ, 21 ಕೊಲೆ ಮಾಡಿದವ. ನ್ಯೂ ಮೆಕ್ಸಿಕೋದ ಲಿಂಕನ್ ಊರಿನ ಜೈಲಿನಿಂದ ಪಾರಾಗುವಾಗ ಇಬ್ಬರು ಕಾವಲಿನವರಿಗೆ ಎದುರು ನಿಂತು ಒಂದೇ ರಿವಾಲ್ವರಿನಿಂದ ಎಂಟು ಈಡು ಹಾರಿಸುತ್ತಾನೆ. ಎಷ್ಟು ಉಳಿಸಿಕೊಳ್ಳಬಹುದು? ಪಿಸ್ತೂಲನ್ನು ಕಿನ್ನಾಳದಲ್ಲಿ ಮರದಿಂದ ಮಾಡಿಸಬೇಕಂತಿದ್ದೇವೆ, ಅಳತೆ ತಿಳಿಸಿ.

ಮಾನ್ವಿ ಓದುಗ:
21 ಅನ್ನೋದು ಅವನು ಬದುಕಿದ ವರ್ಷಕ್ಕೊಂದು ಹೆಣ ಅಂತ ಕಟ್ಟಿದ ಲೆಕ್ಕ. ಒಬ್ಬನೇ ಕೊಂದದ್ದು ನಾಲ್ವರನ್ನು. ಗುಂಪಿನೊಂದಿಗೆ ಸೇರಿ ಕೊಂದವರನ್ನೂ ಹಿಡಿದರೆ ಒಂಬತ್ತರ ಆಸುಪಾಸು.

ಜೈಲಿನ ಸೀನಿನಲ್ಲಿ ಎದುರುಬದುರು ಕಾಳಗ ತೆಗೆದುಬಿಡಿ, ನಡೆದದ್ದೇ ಅದಕ್ಕಿಂತ ಚೆನ್ನಾಗಿದೆ. ಶೆರೀಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಬ್ರೇಡಿಯ ಕೊಲೆಗೆ ಗಲ್ಲು ಖಾಯಂ ಆಗಿತ್ತು, 1881ರ ಮೇ 13ಕ್ಕೆ. ಏಪ್ರಿಲ್ 28ರಂದು ಹೊಸ ಶೆರೀಫ್ ಪ್ಯಾಟ್ ಗ್ಯಾರೆಟ್ ಊರಲ್ಲಿರಲಿಲ್ಲ. ಕಾವಲಿನ ಬಾಬ್ ಓಲಿಂಜರ್ ಉಳಿದ ಕೈದಿಗಳನ್ನು ಊಟಕ್ಕೆ ಎದುರಿನ ಹೋಟೆಲಿಗೆ ಕರೆದೊಯ್ದಿದ್ದ. ಮಹಡಿಯಲ್ಲಿ ಉಳಿದದ್ದು ಜೇಮ್ಸ್ ಬೆಲ್ ಒಬ್ಬನೇ. ಪಾಯಖಾನೆಗೆ ಹೋಗಿ ಬರುವಾಗ ಬಿಲ್ಲಿ ಕೋಳದಿಂದ ಒಂದು ಕೈ ಬಿಡಿಸಿಕೊಂಡು, ಮೆಟ್ಟಿಲ ಹತ್ತಿರ ಬೆಲ್‌ನನ್ನು ಗುಂಡಿಟ್ಟು ಕೊಂದ. ಪಿಸ್ತೂಲು ಬೆಲ್‌ನದ್ದೇ ಅಂತ ಕೆಲವರು, ಪಾಯಖಾನೆಯಲ್ಲಿ ಯಾರೋ ಬಚ್ಚಿಟ್ಟಿದ್ದರು ಅಂತ ಕೆಲವರು. ನಿಮಗೆ ಅನುಕೂಲವಾದದ್ದನ್ನು ಇಟ್ಟುಕೊಳ್ಳಿ.

ಆಮೇಲೆ ಓಲಿಂಜರನ ಜೋಡುನಳಿಗೆ ಬಂದೂಕನ್ನೇ ಎತ್ತಿಕೊಂಡು ಕಿಟಕಿಗೆ ಬಂದ. ಸದ್ದು ಕೇಳಿ ರಸ್ತೆ ದಾಟಿ ಓಡಿ ಬಂದ ಓಲಿಂಜರ್ ಕೆಳಗೆ, ಬಿಲ್ಲಿ ಮೇಲೆ. ಅಲ್ಲಿಂದಲೇ ಗುಂಡಿಟ್ಟ. ಒಂದು ಮಂಚದಷ್ಟು ಎತ್ತರವಿದ್ದರೂ ಸೀನು ನಿಲ್ಲುತ್ತದೆ.

ಓಡಿಹೋಗಲು ಅವಸರ ಬೇಡ. ಪಿಕಾಸಿ ತರಿಸಿ ಬೇಡಿ ಒಡೆಯಲು ಸುಮಾರು ಒಂದು ತಾಸು ಹಿಡಿಯಿತು. ಬಿಟ್ಟದ್ದು ಒಂದೇ ಕಾಲು, ಸರಪಳಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಕುದುರೆ ಹತ್ತಿದ.

ಗಂಗಾವತಿ ತಾಲೀಮು:
ಎಂಟು ಈಡು ಆಗದ ಮಾತು. 1873ರ ಕೋಲ್ಟ್ ಸಿಂಗಲ್ ಆಕ್ಷನ್‌ ರಿವಾಲ್ವರಿಗೆ ತೋಟಾ ಕೂರುವ ಆರು ಮನೆ. ತುಂಬುವುದು ಸಾಮಾನ್ಯವಾಗಿ ಐದು. ತೋಟಾಕ್ಕೆ ಹೊಡೆಯುವ ಹ್ಯಾಮರಿನ ಮೂತಿ ತೋಟಾದ ತಳಕ್ಕೆ ತಾಕಿಕೊಂಡೇ ಇರುವುದರಿಂದ, ಪಿಸ್ತೂಲು ಕೆಳಗೆ ಬಿದ್ದರೆ ತಾನೇ ಹಾರುತ್ತದೆ. ಹಾಗಾಗಿ ಹ್ಯಾಮರ್ ಕೆಳಗಿನ ಮನೆ ಖಾಲಿ. ತುಂಬುವ ಕ್ರಮ: ಹ್ಯಾಮರನ್ನು ಅರ್ಧಕ್ಕೆ ಎಳೆದು, ಬಲಬದಿಯ ಬಾಗಿಲು ತೆರೆದು ಒಂದು ತೋಟಾ ಹಾಕಿ, ಒಂದು ಮನೆ ಬಿಟ್ಟು, ನಾಲ್ಕು ಹಾಕಬೇಕು. ಬಾಗಿಲು ಮುಚ್ಚಿ ಹ್ಯಾಮರನ್ನು ಪೂರ್ತಿ ಎಳೆದು ಮೆಲ್ಲಗೆ ಇಳಿಸಿದರೆ ಅದು ಖಾಲಿ ಮನೆಯ ಮೇಲೇ ಕೂರುತ್ತದೆ. ಪ್ರತಿ ಈಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಲೇಬೇಕು. ನಟರು ಮರೆಯುವುದು ಇದನ್ನೇ.

ಈ ಖಾಲಿ ಮನೆಯಿಂದಲೇ ಒಂದು ಸೀನು ಹುಟ್ಟುತ್ತದೆ. 1880ರ ಜನವರಿಯಲ್ಲಿ ಫೋರ್ಟ್ ಸಮ್ನರ್‌ನ ಸಲೂನಿನಲ್ಲಿ ಜೋ ಗ್ರಾಂಟ್ ಎಂಬವನ ಪಿಸ್ತೂಲನ್ನು ಬಿಲ್ಲಿ ನೋಡುವ ನೆಪದಲ್ಲಿ ಇಸಿದುಕೊಂಡು, ಮುಂದಿನ ಪೆಟ್ಟು ಖಾಲಿ ಮನೆಗೆ ಬೀಳುವಂತೆ ಸಿಲಿಂಡರ್ ತಿರುಗಿಸಿ ವಾಪಸ್ ಕೊಟ್ಟ ಎಂಬ ಕಥೆಯಿದೆ. ಗ್ರಾಂಟ್ ಟ್ರಿಗರ್ ಒತ್ತಿದಾಗ ಬರೀ ‘ಟಕ್’. ಸತ್ತದ್ದು ಅವನೇ.

ಅಳತೆ: ನಳಿಗೆ 4¾ ಅಥವಾ 7½ ಇಂಚು. ರಂಗದ ಮೇಲೆ ದೂರಕ್ಕೆ ಕಾಣಲು ಉದ್ದದ್ದೇ ವಾಸಿ. ಅಸಲಿ ತೂಕ ಒಂದು ಕೆಜಿಗೂ ತುಸು ಹೆಚ್ಚು. ಕಿನ್ನಾಳದವರದು ಹಗುರ ಮರ, ಬೊಂಬೆಗೆ ಸರಿ. ಪಿಸ್ತೂಲಾದರೆ ನಟನ ಕೈ ಆಟಿಕೆ ಹಿಡಿದಂತೆ ಮೇಲೆ ಹಾರುತ್ತದೆ. ಹಿಡಿಕೆ ಕೊರೆದು ಸೀಸ ತುಂಬಿಸಿ. ನಳಿಗೆ, ಹಿಡಿಕೆ ಒಂದೇ ತುಂಡಿನಲ್ಲಿ ಬೇಡ: ಎಳೆ ನಳಿಗೆಯ ಉದ್ದಕ್ಕೆ ಹೋದರೆ ಬಾಗಿದ ಹಿಡಿಕೆಯಲ್ಲಿ ಅಡ್ಡ ಬಿದ್ದು ಎರಡನೇ ತಾಲೀಮಿಗೇ ಮುರಿಯುತ್ತದೆ. ಬೇರೆ ಮಾಡಿ ಗೂಟ ಹೊಡೆಸಿ. ಬಣ್ಣ ಮಾತ್ರ ಹೊಳೆಯಬಾರದು ಅಂತ ಮೊದಲೇ ಹೇಳ್ರಿ, ಇಲ್ಲಾಂದ್ರೆ ತೊಟ್ಟಿಲಿನಂತೆ ಬರುತ್ತದೆ.

ಪಟಾಕಿ ಒಳಗಿಡುವ ಸಾಹಸ ಬೇಡ. ಸೈಡ್ ವಿಂಗಿನಲ್ಲಿ ಕೀಲು ಹಾಕಿದ ಎರಡು ಹಲಗೆ ಬಡಿದರೆ ಸಾಕು.

ಸಿರುಗುಪ್ಪ ರಂಗತಂಡ:
ಎಡಚ ಅನ್ನೋದು? ನಮ್ಮ ಪಾತ್ರಧಾರಿ ನಿಜಕ್ಕೂ ಎಡಚ.

ಮಾನ್ವಿ ಓದುಗ:
ಅದು ಫೋಟೋದ ಕರಾಮತ್ತು. ಅವನ ಟಿನ್‌ಟೈಪ್ (ತಗಡಿನ ಮೇಲೆ ತೆಗೆದ) ಚಿತ್ರ ಕನ್ನಡಿಯಂತೆ ತಿರುವುಮುರುವು. ಕೈಯಲ್ಲಿರುವ 1873ರ ವಿಂಚೆಸ್ಟರ್‌ ಬಂದೂಕಿಗೆ ತೋಟಾ ತುಂಬುವ ಬಾಗಿಲು ಬಲಬದಿಗೆ ಇರಬೇಕು, ಚಿತ್ರದಲ್ಲಿ ಎಡಕ್ಕಿದೆ. ಅಂದರೆ ಎಡಸೊಂಟದಲ್ಲಿ ಕಾಣುವ ಪಿಸ್ತೂಲು ಬಲಸೊಂಟದ್ದು.

ಗಂಗಾವತಿ ತಾಲೀಮು:
ಪಾತ್ರಧಾರಿಯನ್ನು ಬದಲಿಸಬೇಡ್ರಿ. ಕೋಲ್ಟಿನ ಬಾಗಿಲು ಬಲಕ್ಕಿರುವುದರಿಂದ ತೋಟಾ ತುಂಬಲು ಬಲಗೈಯವರೇ ಪಿಸ್ತೂಲನ್ನು ಎಡಗೈಗೆ ದಾಟಿಸಬೇಕು. ನಿಮ್ಮವರಿಗೆ ಆ ತಾಪತ್ರಯವಿಲ್ಲ.